ದತ್ತುಮಗನ ತಾಯಿ ಯಾರು? ಸವದತ್ತಿ ಗುಡ್ಡದಿಂದ ಕಿತ್ತೂರು ಕೋಟೆವರೆಗೆ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. 1824ರಲ್ಲಿ ಕಿತ್ತೂರಿನಲ್ಲಿ ಒಂದು ದತ್ತು ಆಯಿತು. ಕಂಪನಿ ಸರ್ಕಾರ ಅದನ್ನು ಒಪ್ಪಲಿಲ್ಲ. ಯುದ್ಧ ಆಯಿತು. ಇಷ್ಟು ನಮಗೆಲ್ಲ ಗೊತ್ತು. ಹಂಗಾದ್ರ ಆ ದತ್ತುಮಗನ ತಾಯಿ ಯಾರು?

ಚನ್ನಮ್ಮ ಅಂದ್ರಲ್ಲ? ಬಹಳ ಮಂದಿ ಹಂಗ ಅಂತಾರ. ಆದರ ಉತ್ತರ ಅದಲ್ಲ. ಸರಿ ಉತ್ತರ ಆಮೇಲೆ ಹೇಳ್ತೀನಿ. ಮೊದಲು ಸವದತ್ತಿ ಗುಡ್ಡಕ್ಕೆ ಹೋಗಿ ಬರೋಣ. ಯಾರ ಮಗ, ಯಾರ ಹೆಂಡತಿ, ಯಾರ ಸೊಸೆ ಅನ್ನೋ ಲೆಕ್ಕ ನಮ್ಮ ಭಾಗದಾಗ ಎಷ್ಟು ಹಳೇದು, ಎಷ್ಟು ಗಟ್ಟಿ ಅನ್ನೋದು ಅಲ್ಲಿ ಚಲೋ ತಿಳೀತೈತಿ.

ಯಲ್ಲಮ್ಮ ಅಂದ್ರ ರೇಣುಕೆ. ಆಕೆಯ ಕತೆ ಮಹಾಭಾರತದ ವನಪರ್ವದಲ್ಲಿ ಬರುತ್ತದೆ. ಸ್ನಾನಕ್ಕೆ ಹೋದಾಕಿ, ಚಿತ್ರರಥ ಅನ್ನೋ ರಾಜ ಹೆಂಡಂದಿರ ಜೋಡಿ ನೀರಾಟ ಆಡೋದನ್ನ ನೋಡಿದಳು. ಮನಸ್ಸು ಒಂದು ಗಳಿಗೆ ಅಲುಗಿತು. ಗಂಡ ಜಮದಗ್ನಿಗೆ ಗೊತ್ತಾಯಿತು. ಆತ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ತಾಯಿಯನ್ನು ಕೊಲ್ಲಲು ಹೇಳಿದ. ನಾಲ್ವರು ಒಲ್ಲೆ ಅಂದರು, ಶಾಪ ತಿಂದರು. ಐದನೆಯವನು ಪರಶುರಾಮ, ಕೊಡಲಿ ಎತ್ತಿದ. ಅಪ್ಪ ಖುಷಿಯಾಗಿ ವರ ಕೇಳು ಅಂದಾಗ ಮಗ ಕೇಳಿದ್ದು: ತಾಯಿ ಬದುಕಬೇಕು, ಅಣ್ಣಂದಿರು ಮೊದಲಿನ ಹಾಗೆ ಆಗಬೇಕು. ಅದರ ಜೊತೆಗೆ ಇನ್ನೊಂದು ಕೇಳಿದ: ತನ್ನನ್ನು ಕೊಂದದ್ದು ತಾಯಿಗೆ ನೆನಪಿರಬಾರದು.

ಈ ಕೊನೇ ವರ ನನ್ನನ್ನು ಬಹಳ ದಿನ ಕಾಡಿದೆ. ಮಗನ ಪಾಪ ಕಳೀತು, ಅಪ್ಪನ ಸಿಟ್ಟು ಇಳೀತು. ಎಲ್ಲರ ಲೆಕ್ಕ ಚುಕ್ತಾ ಆಗಾಕ ತಾಯಿಯ ನೆನಪು ಹೋಗಬೇಕಾಯಿತು.

ಗ್ರೀಕ್ ಪುರಾಣ ಇಷ್ಟಪಡೋರಿಗೆ ಇದರ ಜೋಡಿಕತೆ ಹೇಳ್ತೀನಿ. ಅಲ್ಲಿ ಎರಿಫೈಲಿ ಅಂತ ಒಬ್ಬಳು ಇದ್ದಳು. ಹೆಲೆನ್ ಥರಾ ಹೆಸರಾದಾಕಿ ಅಲ್ಲ, ಪೂರಾ ಸೈಡ್ ಕ್ಯಾರೆಕ್ಟರ್. ಒಂದು ಕಂಠಹಾರದ ಆಸೆಗೆ ಗಂಡ ಆಂಫಿಯರಾಸ್‌ನನ್ನು ಥೀಬ್ಸ್ ಯುದ್ಧಕ್ಕೆ ಕಳಿಸಿದಳು. ಹೋದರೆ ಸಾಯುತ್ತೇನೆ ಅಂತ ಆತನಿಗೆ ಗೊತ್ತಿತ್ತು. ಹೋಗುವಾಗ ಸೇಡು ತೀರಿಸೋ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ ಹೋದ. ಮಗ ಅಲ್ಕ್‌ಮಿಯಾನ್ ತಾಯಿಯನ್ನು ಕೊಂದ. ಇಲ್ಲಿ ವರ ಕೊಡೋರು ಯಾರೂ ಇಲ್ಲ. ರಕ್ತಸಂಬಂಧದ ಕೊಲೆಗೆ ಶಿಕ್ಷೆ ಕೊಡೋ ಎರಿನಿ ಅನ್ನೋ ದೇವತೆಗಳು, ಅವರೂ ಹೆಣ್ಣುಗಳೇ, ಅವನಿಗೆ ಹುಚ್ಚು ಹಿಡಿಯೋವರೆಗೆ ಬೆನ್ನು ಹತ್ತಿದರು. ತಾಯಿ ತಿರುಗಿ ಬರಲಿಲ್ಲ. ಅದೇ ಹಾರ ಮುಂದೆ ಅವನ ಇಬ್ಬರು ಹೆಂಡಂದಿರ ನಡುವೆ ಬಂದು, ಕಡೀಕ ಅವನ ಜೀವವನ್ನೂ ತೊಗೊಂತು.

ಅಪ್ಪನ ಮಾತಿಗೆ ಮಗ ತಾಯಿಯನ್ನು ಕೊಲ್ಲೋದು ಎರಡೂ ಕಡೆ ಐತಿ. ಅಲ್ಲಿ ಕೊಲೆಗಾರ ಜೀವನಪೂರ್ತಿ ಓಡಿದ. ಇಲ್ಲಿ ನೆನಪು ಅಳಿಸಿ ಸಂಸಾರ ಮುಂದುವರೀತು.

ಅದು ಸಂಸ್ಕೃತದ ಪುಸ್ತಕದಾಗ ಅಷ್ಟೇ ನೋಡ್ರಿ. ಗುಡ್ಡದ ಮೇಲೆ ಕತೆ ಬೇರೆ. ಜನಪದರ ಕತೆಯೊಳಗೆ ಅಟ್ಟಿಸಿಕೊಂಡು ಬಂದ ಮಗನಿಂದ ತಪ್ಪಿಸಿಕೊಂಡು ಯಲ್ಲಮ್ಮ ಮಾತಂಗಿಯ ಮನೆ ಹೊಕ್ಕಳು. ಪರಶುರಾಮ ಇಬ್ಬರ ತಲೆಯನ್ನೂ ಕಡಿದ. ಜೀವ ಕೊಡುವಾಗ ಗಡಿಬಿಡಿಯಲ್ಲಿ ತಲೆ ಅದಲುಬದಲಾಯಿತು ಅಂತ ಒಂದು ಪಾಠ ಹೇಳುತ್ತದೆ. ಒಬ್ಬಳ ತಲೆ, ಇನ್ನೊಬ್ಬಳ ಮೈ. ಹಂಗಂದ್ರ ಪೂಜೆ ತೊಗೊಳ್ಳೋ ದೇವಿಯೊಳಗೆ ಋಷಿಪತ್ನಿ ಅರ್ಧ, ಊರ ಹೊರಗಿನ ಕೇರಿಯ ಹೆಣ್ಣುಮಗಳು ಅರ್ಧ. ಆಸರೆ ಕೊಟ್ಟ ತಪ್ಪಿಗೆ ಸತ್ತಾಕಿ ಮಾತಂಗಿ. ಗುಡ್ಡದ ಮೇಲೆ ಅವಳಿಗೂ ಗುಡಿ ಐತಿ. ಕೆಳಗೆ ಜೋಗುಳಬಾವಿಯಲ್ಲಿ ಸತ್ಯವ್ವ ಇದ್ದಾಳೆ. ಮೊದಲು ಅಲ್ಲಿ ಜಳಕ ಮಾಡಿ, ಸತ್ಯವ್ವಗ ಕೈಮುಗಿದು, ಆಮೇಲೆ ಗುಡ್ಡ ಹತ್ತೋದು ಪದ್ಧತಿ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಜಲಾಶಯಕ್ಕೆ ರೇಣುಕಾಸಾಗರ ಅಂತ ಹೆಸರಿಟ್ಟರು. ಮಾತಂಗಿ ಹೆಸರು ಯಾರ ತಲೆಗೂ ಬರಲಿಲ್ಲ.

ಇನ್ನು ನೆನಪಿನ ಮಾತು. ಮುಂದೆ ಕಾರ್ತವೀರ್ಯಾರ್ಜುನನ ಮಕ್ಕಳು ಜಮದಗ್ನಿಯನ್ನು ಕೊಂದರು, ರೇಣುಕೆ ವಿಧವೆಯಾದಳು. ಆ ವೈಧವ್ಯವನ್ನು ನಮ್ಮ ಜನ ಪ್ರತಿ ವರ್ಷ ಮತ್ತೆ ಬದುಕುತ್ತಾರೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಬಳೆ ಒಡೀತಾರ. ಅದಕ್ಕೆ ರಂಡಿ ಹುಣ್ಣಿಮೆ ಅನ್ನೋ ಹೆಸರೂ ಐತಿ. ಮಾಘದ ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆ, ಮತ್ತೆ ಹಸಿರು ಬಳೆ, ಮತ್ತೆ ಭಂಡಾರ, "ಉಧೋ ಉಧೋ". ಮಗ ಬೇಡಿದ್ದು ಮರೆವಿನ ವರ. ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬರೋ ಹೆಣ್ಣುಮಕ್ಕಳು ಆಕೆಗೆ ಆದದ್ದನ್ನ ವರ್ಷಾ ವರ್ಷಾ ನೆನಪು ಮಾಡತಾರ.

ಇದೇ ಗುಡ್ಡಕ್ಕೆ ಕಹಿಯಾದ ಇನ್ನೊಂದು ಮುಖ ಇದೆ. ಮುತ್ತು ಕಟ್ಟಿಸಿಕೊಂಡು ದೇವಿಗೆ ಬಿಟ್ಟ ಹುಡುಗಿಯರು. ದೇವರೇ ಗಂಡ ಆದ್ದರಿಂದ ಅವರು ನಿತ್ಯ ಮುತ್ತೈದೆಯರು, ಯಾವತ್ತೂ ವಿಧವೆ ಆಗೋದಿಲ್ಲ ಅಂತ ಶಾಸ್ತ್ರ. ಆದರೂ ಹೊಸ್ತಿಲ ಹುಣ್ಣಿಮೆಗೆ ದೇವಿಯ ಜೊತೆ ಅವರ ಬಳೆಯೂ ಒಡೀತಿತ್ತು. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿ ಇದ್ದದ್ದರಿಂದ 1934ರ ಮುಂಬೈ ಕಾಯ್ದೆ ಇಲ್ಲಿಗೂ ಬಂತು. 1982ರಲ್ಲಿ ಕರ್ನಾಟಕ ತನ್ನದೇ ದೇವದಾಸಿ ನಿಷೇಧ ಕಾಯ್ದೆ ಮಾಡಿತು. ಕಾಯ್ದೆ ಬಂದ ಮೇಲೂ ಈ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ "ತಂದೆಯ ಹೆಸರು" ಅನ್ನೋ ಕಾಲಂ ಮುಂದೆ ಪೆನ್ನು ಹಿಡಿದು ಕೂತರು. ತಾಯಿ ಯಾರು ಅನ್ನೋದು ಊರಿಗೆಲ್ಲ ಗೊತ್ತು. ಆದರ ಅರ್ಜಿ ಕೇಳಿದ್ದು ಅದನ್ನಲ್ಲ.

ನಾನು ಓದಿದ್ದು ಬಿ.ಕಾಂ. ಹಿಂಗಾಗಿ ಕತೆ ಓದುವಾಗಲೂ ಯಾವ ಹೆಸರು ಯಾವ ಖಾತೆಗೆ ಜಮಾ ಆಗೇತಿ ಅಂತ ನೋಡೋ ಚಟ. ಈ ಚಟದಿಂದ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಲವು ಪುರಾಣಗಳಲ್ಲಿ ರೇಣುಕೆ ರೇಣು ಅನ್ನೋ ರಾಜನ ಮಗಳು, ಅಂದ್ರ ಆಕೆಯ ಹೆಸರು ಅಪ್ಪನದು. ಮಾತಂಗಿ ಅನ್ನೋದು ಒಂದು ಸಮುದಾಯದ ಹೆಸರು. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳ ಇದೆಯಲ್ಲ, ಅಲ್ಲಿಯ ಶಬರಿಯದೂ ಅದೇ ಕತೆ. ಶಬರಿ ಅಂದ್ರ ಶಬರ ಕುಲದ ಹೆಣ್ಣು ಅಷ್ಟೇ. ಅವ್ವ ಅಪ್ಪ ಇಟ್ಟ ಹೆಸರು ಏನಿತ್ತೋ, ಕತೆ ಕೇಳೋದೇ ಇಲ್ಲ. ಆಕೆ ಯಾರ ಹೆಂಡತಿಯೂ ಅಲ್ಲ, ತಾಯಿಯೂ ಅಲ್ಲ. ವಾಲ್ಮೀಕಿ ರಾಮಾಯಣದಲ್ಲಿ ಆಕೆಗಿರೋ ಒಂದೇ ನಂಟು ಗುರುವಿನದು, ಆ ಗುರುವಿನ ಹೆಸರು ಮತಂಗ. ಅಂದಂಗ ವಾಲ್ಮೀಕಿಯಲ್ಲಿ ಶಬರಿ ಹಣ್ಣು ಕಚ್ಚಿ ರುಚಿ ನೋಡಿ ಕೊಡೋದಿಲ್ಲ, ಅದು ಆಮೇಲೆ ಸೇರಿದ್ದು. ಹಂಪಿ ಕಡೆಯವರು ಶಬರಿ ನಮ್ಮಾಕಿ ಅಂತಾರ, ರಾಮದುರ್ಗದವರು ಇಲ್ಲ ನಮ್ಮಾಕಿ ಅಂತಾರ. ಬದುಕಿದ್ದಾಗ ಯಾರೂ ಇಲ್ಲದಾಕಿಗೆ ಈಗ ಎರಡು ತವರುಮನೆ.

ಪುರಾಣ ಬಿಟ್ಟು ದಾಖಲೆಗೆ ಬಂದರೂ ಹೆಸರಿನ ಫಜೀತಿ ತಪ್ಪೋದಿಲ್ಲ. ಬೈಲಹೊಂಗಲ ತಾಲೂಕಿನ ಬೆಳವಡಿಯಲ್ಲಿ 1678ರ ಸುಮಾರಿಗೆ ಶಿವಾಜಿಯ ಸೈನ್ಯವನ್ನು ಎದುರಿಸಿದ ಹೆಣ್ಣುಮಗಳು ನಮಗೆ ಮಲ್ಲಮ್ಮ. ಮರಾಠಿ ಬರಹಗಳಲ್ಲಿ ಆಕೆ ಸಾವಿತ್ರಿ. ಅಷ್ಟು ದೊಡ್ಡ ಲಡಾಯಿ ಮಾಡಿದಾಕಿಗೇ ಹಿಂಗ.

ಈಗ ಕಿತ್ತೂರಿಗೆ ಬರೋಣ. ದೇಸಾಯಿ ಮಲ್ಲಸರ್ಜನಿಗೆ ಇಬ್ಬರು ರಾಣಿಯರು. ಹಿರಿಯಾಕಿ ರುದ್ರಮ್ಮ, ಕಿರಿಯಾಕಿ ಕಾಕತಿಯ ಚನ್ನಮ್ಮ. ಮಲ್ಲಸರ್ಜ 1816ರಲ್ಲಿ ತೀರಿಕೊಂಡ ಮೇಲೆ ಗಾದಿಗೆ ಬಂದ ಶಿವಲಿಂಗರುದ್ರಸರ್ಜ ರುದ್ರಮ್ಮನ ಮಗ. ಚನ್ನಮ್ಮನಿಗೆ ಸವತಿಯ ಮಗ. ಅವನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಹುಡುಗ ಶಿವಲಿಂಗಪ್ಪ ಅವನ ಹೆಸರಿಗೆ ದತ್ತು ಬಂದ. ಗಂಡನ ಹೆಸರಿಗೆ ದತ್ತು ಬಂದರೆ ಆ ಮಗುವಿಗೆ ತಾಯಿ ಆಗೋದು ಅವನ ಹೆಂಡತಿ. ಆ ಹೆಂಡತಿಯ ಹೆಸರು ವೀರವ್ವ.

ದತ್ತುಮಗನ ತಾಯಿ ವೀರವ್ವ ರೀ. ಚನ್ನಮ್ಮ ಅವನಿಗೆ ಅಜ್ಜಿ, ಅದೂ ಸವತಿಯ ಮಗನ ಕಡೆಯಿಂದ. "ಚನ್ನಮ್ಮನ ಮಗ ಸತ್ತ, ಆಕೆ ದತ್ತು ತೊಗೊಂಡಳು" ಅಂತ ಒಂದು ಸಾಲಿನಲ್ಲಿ ಮುಗಿಸಿದರೆ ಇಬ್ಬರು ಹೆಣ್ಣುಮಕ್ಕಳು ಪೂರ್ತಿ ಮಾಯ: ಹೆತ್ತ ರುದ್ರಮ್ಮ, ದತ್ತುತಾಯಿ ವೀರವ್ವ. ಝಾನ್ಸಿಯಲ್ಲಿ ಈ ಗೊಂದಲ ಇಲ್ಲ. ಅಲ್ಲಿ 1853ರಲ್ಲಿ ದತ್ತು ತೊಗೊಂಡ ರಾಜನ ಹೆಂಡತಿಯೇ ಲಕ್ಷ್ಮೀಬಾಯಿ, ಕಾದಿದಾಕೆಯೂ ಅವಳೇ. ಕಿತ್ತೂರಿನ ಲಕ್ಷ್ಮೀಬಾಯಿ ಅಂತ ಚನ್ನಮ್ಮನನ್ನು ಕರೀತಾರಲ್ಲ, ನನಗ ಅದು ಸರಿ ಅನ್ನಿಸೋದಿಲ್ಲ. ಕಿತ್ತೂರು ಡಾಲ್‌ಹೌಸಿ ಭಾರತಕ್ಕೆ ಬರೋದಕ್ಕಿಂತ 24 ವರ್ಷ ಮೊದಲಿನ ಮಾತು. ಅದಕ್ಕಿಂತ ಹೆಚ್ಚಾಗಿ, ಸಂಬಂಧವೇ ಬೇರೆ.

ಚನ್ನಮ್ಮನನ್ನ ಸಣ್ಣ ಮಾಡಾಕತ್ತೀನಿ ಅಂತ ಸಿಟ್ಟಾಗಬ್ಯಾಡ್ರಿ. ಲೆಕ್ಕ ಹಾಕಿ ನೋಡ್ರಿ. ಸತ್ತಾವನು ಆಕೆ ಹೆತ್ತ ಮಗ ಅಲ್ಲ. ದತ್ತು ಬಂದಾವನು ಆಕೆಯ ಮಡಿಲಿಗೆ ಬಂದವನಲ್ಲ. ಸವತಿಯ ಮೊಮ್ಮಗನ ಹಕ್ಕಿಗಾಗಿ ಆಕೆ ಕೋಟೆ ಬಾಗಿಲು ಹಾಕಿಸಿದಳು. ನಮ್ಮ ಸೀರಿಯಲ್‌ಗಳಲ್ಲಿ ಸವತಿ, ಅತ್ತೆ ಅಂದ್ರ ಏನಂತ ತೋರಿಸ್ತಾರ ಗೊತ್ತೈತಲ್ಲ.

ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಇದ್ದ ತಕರಾರು ಕಾಗದದ್ದು. ದತ್ತು ದೇಸಾಯಿ ಬದುಕಿದ್ದಾಗಲೇ ಆಯಿತೋ, ಸತ್ತ ಮೇಲೆ ಕಾಗದ ತಯಾರಾಯಿತೋ ಅನ್ನೋ ಅನುಮಾನ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು, ಆಗ ಸೊಲ್ಲಾಪುರದ ಸಬ್‌ಕಲೆಕ್ಟರ್ ಮನ್ರೋ ಸತ್ತ. ಇವರ ನಂಟಸ್ತನವನ್ನೂ ಒಂಚೂರು ನೋಡೋಣ. ಈ ಥ್ಯಾಕರೆ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಯ ಚಿಕ್ಕಪ್ಪ. ಈ ಮನ್ರೋ ಆಗ ಮದ್ರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋನ ಸಂಬಂಧಿ. ಕಿತ್ತೂರಿನವರ ಸಂಬಂಧಕ್ಕೆ ಪುರಾವೆ ಕೇಳಿದ ಸರ್ಕಾರದೊಳಗೆ ಚಿಕ್ಕಪ್ಪ, ಅಣ್ಣನ ಮಗ ಅನ್ನೋ ಸಂಬಂಧಗಳಿಗೆ ಏನೂ ಕೊರತೆ ಇರಲಿಲ್ಲ.

ಕೋಟೆ ಬಿದ್ದ ಮೇಲೆ ಬೈಲಹೊಂಗಲಕ್ಕೆ ಒಯ್ದು ಸೆರೆಯಲ್ಲಿಟ್ಟದ್ದು ಚನ್ನಮ್ಮ ಒಬ್ಬಳನ್ನೇ ಅಲ್ಲ. ಜೊತೆಗೆ ಸೊಸೆಯರು ವೀರವ್ವ, ಜಾನಕಿಬಾಯಿ ಇದ್ದರು. ಅತ್ತೆ ಸೊಸೆಯರು ಒಂದೇ ಸೆರೆಯಲ್ಲಿ ವರ್ಷಗಟ್ಟಲೆ. 1829ರಲ್ಲಿ ಚನ್ನಮ್ಮ ಅಲ್ಲೇ ತೀರಿಕೊಂಡಳು, ಸಮಾಧಿ ಬೈಲಹೊಂಗಲದಲ್ಲೇ ಇದೆ. ಅತ್ತೆ ಹೋದ ಮೇಲೂ ಸೊಸೆಯರ ಸೆರೆ ಮುಗಿಯಲಿಲ್ಲ. ನಮ್ಮ ನಾಟಕ, ಸಿನಿಮಾ, ಭಾಷಣ ಮಾತ್ರ ಅಲ್ಲಿಂದ ನೇರವಾಗಿ ಸಂಗೊಳ್ಳಿ ರಾಯಣ್ಣನ ಕಡೆ ಹಾರುತ್ತವೆ.

ರಾಯಣ್ಣ ದಂಗೆ ಎದ್ದದ್ದು ಅದೇ ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸಬೇಕು ಅಂತ. ದತ್ತು ಊರ್ಜಿತ ಅಲ್ಲ ಅಂದ ಕಂಪನಿಯ ಪ್ರಕಾರ ಆ ಹುಡುಗನಿಗೂ ವೀರವ್ವನಿಗೂ ಸಂಬಂಧವೇ ಇರಬಾರದು. ಆದರೆ ದಂಗೆ ಏಳುತ್ತಿದ್ದಂತೆ ಸರ್ಕಾರದ ಅನುಮಾನ ಹೋಗಿ ಬಿದ್ದದ್ದು ಸೆರೆಯಲ್ಲಿದ್ದ ಅವಳ ಮೇಲೆ. ಅವಳ ಬೆಂಬಲ ಐತಿ ಅಂತ ಬೈಲಹೊಂಗಲದಿಂದ ಧಾರವಾಡಕ್ಕೆ ಸಾಗಿಸಿದರು. ಗಾದಿಯ ಕಾಗದದಲ್ಲಿ ಒಪ್ಪದ ತಾಯಿಯನ್ನು ಸೆರೆಯ ಕಾಗದದಲ್ಲಿ ಒಪ್ಪಿದರು. 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ವೀರವ್ವ ಮತ್ತೆ ಕಿತ್ತೂರು ನೋಡಲಿಲ್ಲ.

ಇವತ್ತಿಗೆ ಇಷ್ಟು. ಜೋಗುಳಬಾವಿ ಸತ್ಯವ್ವನ ಕತೆ ನಿಮ್ಮ ಅಜ್ಜಿ, ಅಮ್ಮ ಬೇರೆ ಥರ ಹೇಳ್ತಿದ್ದರ, ಅವರ ದನಿಯೊಳಗೇ ಒಂದು ವಾಯ್ಸ್ ನೋಟ್ ಮಾಡಿ ಕಳಸ್ರಿ. ಅವರ ಪೂರ್ತಿ ಹೆಸರೂ ಹೇಳ್ರಿ.