ಉಕ್ಕಿಗೆ ಶತ್ರು, ಹೊಲಕ್ಕೆ ಮಿತ್ರ: ರಂಜಕದ ಕಥೆ

1850ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಕಬ್ಬಿಣಕ್ಕೆ ಕೊರತೆ ಇರಲಿಲ್ಲ. ಆದರೆ ಉಕ್ಕು ತುಂಬಾ ದುಬಾರಿ. ಶೆಫೀಲ್ಡ್ ಊರಿನ ಕೆಲಸಗಾರರು ಅದನ್ನು ಸಣ್ಣ ಸಣ್ಣ ಮೂಸೆಗಳಲ್ಲಿ ಗಂಟೆಗಟ್ಟಲೆ ಕರಗಿಸಿ ತೆಗೆಯುತ್ತಿದ್ದರು. ಮೂಸೆಯ ಉಕ್ಕು ನಮ್ಮ ಮೈಸೂರು ಸೀಮೆಗೂ ಹಳೆಯ ಪರಿಚಯ. ಇಂಗ್ಲಿಷಿನ ‘ವೂಟ್ಸ್’ ಎಂಬ ಪದ ನಮ್ಮ ‘ಉಕ್ಕು’ವಿನಿಂದಲೇ ಬಂದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಚಾಕು, ಗರಗಸಕ್ಕೆ ಮೂಸೆ ಸಾಕು. ರೈಲು ಹಳಿಗೆ, ಹಡಗಿಗೆ ಎಲ್ಲಿ ಸಾಲುತ್ತದೆ?

1856ರ ಆಗಸ್ಟಿನಲ್ಲಿ ಹೆನ್ರಿ ಬೆಸೆಮರ್ ಹೊಸ ದಾರಿ ತೋರಿಸಿದ. ಕರಗಿದ ಬೀಡು ಕಬ್ಬಿಣದೊಳಗೆ ತಳದಿಂದ ಗಾಳಿ ಊದುವುದು, ಅಷ್ಟೇ. ಕಬ್ಬಿಣ ಆರುವುದಿಲ್ಲ, ಇನ್ನಷ್ಟು ಕಾಯುತ್ತದೆ. ಏಕೆಂದರೆ ಅದರಲ್ಲಿರುವ ಇಂಗಾಲ, ಸಿಲಿಕಾನ್ ಉರಿದು ತಾವೇ ಶಾಖ ಕೊಡುತ್ತವೆ. ಅರ್ಧ ಗಂಟೆಯೊಳಗೆ ಟನ್‌ಗಟ್ಟಲೆ ಉಕ್ಕು! ಕಾರ್ಖಾನೆ ಮಾಲೀಕರು ಮುಗಿಬಿದ್ದು ಸುಮಾರು 27 ಸಾವಿರ ಪೌಂಡ್ ಕೊಟ್ಟು ಪರವಾನಗಿ ಕೊಂಡರು.

ತಮ್ಮ ಕಾರ್ಖಾನೆಯಲ್ಲಿ ಮಾಡಿ ನೋಡಿದರೆ ಉಕ್ಕು ಪೆಡಸು. ಪೆಟ್ಟು ಬಿದ್ದರೆ ಒಡೆಯುತ್ತಿತ್ತು. ಕಾರಣ ರಂಜಕ. ನಾವು ಡಿಎಪಿ ಚೀಲದಲ್ಲಿ ಕೊಂಡು ತರುತ್ತೇವಲ್ಲ, ಅದೇ ರಂಜಕ. ಬೆಸೆಮರ್ ಪ್ರಯೋಗಕ್ಕೆ ಬಳಸಿದ ಕಬ್ಬಿಣದಲ್ಲಿ ಅದೃಷ್ಟಕ್ಕೆ ರಂಜಕ ಕಡಿಮೆ ಇತ್ತು. ಬ್ರಿಟನ್ನಿನ ಬಹುಪಾಲು ಅದಿರಿನಲ್ಲಿ ಅದು ಹೆಚ್ಚು. ಗಾಳಿ ಎಷ್ಟು ಊದಿದರೂ ಅದು ಹೋಗುತ್ತಿರಲಿಲ್ಲ. ಹಾಗಾಗಿ ಒಳ್ಳೆಯ ಅದಿರು ಇದ್ದವರಿಗೆ ಮಾತ್ರ ಈ ವಿಧಾನ ದಕ್ಕಿತು. ಸ್ವೀಡನ್ನಿನಲ್ಲಿ ಯೋರಾನ್ಸನ್ ಎಂಬಾತ 1858ರಲ್ಲಿ ಇದೇ ವಿಧಾನದಿಂದ ಒಳ್ಳೆಯ ಉಕ್ಕು ತೆಗೆದ.

ಅಷ್ಟರಲ್ಲಿ ಪೈಪೋಟಿಗೆ ಇನ್ನೊಂದು ವಿಧಾನ ಬಂತು. ಸೀಮೆನ್ಸ್ ಸೋದರರು ಹೊಗೆಯ ಜೊತೆ ಹೊರಹೋಗುವ ಬಿಸಿಯನ್ನು ಇಟ್ಟಿಗೆಗಳಲ್ಲಿ ಹಿಡಿದಿಟ್ಟು, ಒಳಬರುವ ಗಾಳಿಯನ್ನು ಅದರಿಂದಲೇ ಕಾಯಿಸುವ ಕುಲುಮೆ ಕಟ್ಟಿದ್ದರು. 1865ರಲ್ಲಿ ಫ್ರಾನ್ಸಿನ ಮಾರ್ಟಿನ್ ಎಂಬಾತ ಅದರಲ್ಲಿ ಉಕ್ಕು ತೆಗೆದ. ಇದಕ್ಕೆ ಹಲವು ಗಂಟೆ ಬೇಕು, ನಿಜ. ಆದರೆ ನಡುನಡುವೆ ಸ್ವಲ್ಪ ತೆಗೆದು ಪರೀಕ್ಷಿಸಬಹುದು. ಗುಜರಿ ಕಬ್ಬಿಣವನ್ನೂ ಹಾಕಬಹುದು. ರಂಜಕದ ತೊಡಕು ಮಾತ್ರ ಇಲ್ಲೂ ಉಳಿಯಿತು.

ಅದನ್ನು ಬಿಡಿಸಿದ್ದು ದೊಡ್ಡ ಉದ್ಯಮಿಯಲ್ಲ, ಲಂಡನ್ನಿನ ಪೊಲೀಸ್ ಕೋರ್ಟಿನ ಗುಮಾಸ್ತ. ಹೆಸರು ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್. ಹಗಲು ಕೋರ್ಟು, ಸಂಜೆ ರಸಾಯನಶಾಸ್ತ್ರದ ತರಗತಿ. ರಂಜಕವನ್ನು ಸುಣ್ಣ ಹಿಡಿದುಕೊಳ್ಳುತ್ತದೆ. ಆದರೆ ಕುಲುಮೆಯ ಒಳಗೋಡೆ ಸಿಲಿಕಾ ಇಟ್ಟಿಗೆಯದು. ಸುಣ್ಣ ಹಾಕಿದರೆ ಅದು ಗೋಡೆಯನ್ನೇ ತಿನ್ನುತ್ತದೆ. ಹಾಗಾದರೆ ಗೋಡೆಯನ್ನೇ ಸುಣ್ಣದ ಜಾತಿಯ ಕಲ್ಲಿನಿಂದ ಕಟ್ಟಿದರೆ? ವೇಲ್ಸಿನ ಕಬ್ಬಿಣದ ಕಾರ್ಖಾನೆಯಲ್ಲಿ ರಸಾಯನತಜ್ಞನಾಗಿದ್ದ ದಾಯಾದಿ ಪರ್ಸಿ ಗಿಲ್‌ಕ್ರಿಸ್ಟ್ ಜೊತೆ ಸೇರಿ ಅದನ್ನು ಸಾಧಿಸಿದ. 1878ರಲ್ಲಿ ಉಕ್ಕು ತಜ್ಞರ ಸಭೆಯಲ್ಲಿ ಹೇಳಿದಾಗ ಯಾರೂ ಕಿವಿಗೊಡಲಿಲ್ಲ. 1879ರಲ್ಲಿ ಮಿಡಲ್ಸ್‌ಬರೋ ಊರಿನಲ್ಲಿ ಮಾಡಿ ತೋರಿಸಿದ ಮೇಲೆ ಯುರೋಪಿನ ಉದ್ಯಮಿಗಳು ಪರವಾನಗಿಗೆ ಸಾಲುಗಟ್ಟಿದರು.

ಹೆಚ್ಚು ಲಾಭವಾದದ್ದು ಜರ್ಮನಿಗೆ. 1871ರಲ್ಲಿ ಫ್ರಾನ್ಸಿನಿಂದ ಅದಕ್ಕೆ ಸಿಕ್ಕ ಲೊರೇನ್ ಪ್ರದೇಶದ ಅದಿರಿನ ತುಂಬ ರಂಜಕವಿತ್ತು. ಕೆಲಸಕ್ಕೆ ಬಾರದು ಎಂದಿದ್ದ ಆ ಅದಿರು ಈಗ ಆಸ್ತಿಯಾಯಿತು. 1890ರ ದಶಕದಲ್ಲಿ ಜರ್ಮನಿ ಉಕ್ಕಿನಲ್ಲಿ ಬ್ರಿಟನ್ನನ್ನೇ ಹಿಂದಿಕ್ಕಿತು. ಬ್ರಿಟನ್ನಿನಲ್ಲಿ ಅದೇ ಹೊತ್ತಿಗೆ ನಿಧಾನದ ಸೀಮೆನ್ಸ್–ಮಾರ್ಟಿನ್ ಕುಲುಮೆ ಬೆಸೆಮರನನ್ನು ದಾಟಿ ಮುಂದೆ ಹೋಯಿತು. ಯಾವ ವಿಧಾನ ಮೇಲು ಎಂಬುದನ್ನು ವೇಗ ಒಂದೇ ತೀರ್ಮಾನಿಸಲಿಲ್ಲ. ಕೈಯಲ್ಲಿ ಎಂಥ ಅದಿರಿದೆ, ಎಂಥ ಉಕ್ಕು ಬೇಕು ಎಂಬುದೂ ಲೆಕ್ಕಕ್ಕೆ ಬಂತು.

ಸುಣ್ಣ ಹಿಡಿದುಕೊಂಡ ರಂಜಕ ಕಿಟ್ಟವಾಗಿ ಹೊರಬಂತು. ಅದನ್ನು ನುಣ್ಣಗೆ ಪುಡಿ ಮಾಡಿ ರೈತರಿಗೆ ಮಾರಿದರು. ಹುಳಿ ಮಣ್ಣಿನ ಹೊಲಗಳಿಗೆ ಒಟ್ಟಿಗೆ ಸುಣ್ಣವೂ ಸಿಕ್ಕಿತು, ರಂಜಕವೂ ಸಿಕ್ಕಿತು. ಜರ್ಮನಿಯಲ್ಲಿ ಆ ಗೊಬ್ಬರಕ್ಕೆ ಥಾಮಸನ ಹೆಸರೇ ನಿಂತಿತು. ಥಾಮಸ್ ಮಾತ್ರ 1885ರಲ್ಲಿ, 34ನೇ ವಯಸ್ಸಿಗೇ ತೀರಿಕೊಂಡ.