ಆ ಒಂದು ಪದ ಯಾರದ್ದು? ಜಿಡಿಬಿ, ಯಾಕ್, ಬೈಸನ್

ಪುಣೆ, ಚೆನ್ನೈ, ಹೈದರಾಬಾದು, ಎಲ್ಲೇ ಇರಿ, ಜಿಡಿಬಿ ಬಳಸಿದವರು ಈ ಸಾಲು ನೋಡಿರ್ತೀರಿ: ‘ಎ ಸಿಂಟ್ಯಾಕ್ಸ್ ಎರರ್ ಇನ್ ಎಕ್ಸ್‌ಪ್ರೆಶನ್, ನಿಯರ್...’. ‘ಪ್ರಿಂಟ್ 1 +’ ಅಂತ ಅರ್ಧಕ್ಕೇ ಬಿಟ್ಟು ಎಂಟರ್ ಒತ್ತಿದರೆ ಸಾಕು. ಹಿಂದೆ ಅದೇ ತಪ್ಪಿಗೆ ‘ಪಾರ್ಸ್ ಎರರ್’ ಅಂತಲೂ ಬರ್ತಿತ್ತು. ಬದಲಾಯಿಸಿದ್ದು ಯಾರು? ಜಿಡಿಬಿಯವರಂತೂ ಅಲ್ಲ.

1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ‘ಯಾಕ್’ ಬರೆದರು. ವ್ಯಾಕರಣದ ನಿಯಮ ಕೊಟ್ಟರೆ ಸಿ ಭಾಷೆಯ ಪಾರ್ಸರ್ ಬರೆದುಕೊಡುವ ಪ್ರೋಗ್ರಾಮ್ ಅದು. 1985ರಲ್ಲಿ ರಾಬರ್ಟ್ ಕಾರ್ಬೆಟ್ ಬೈಸನ್ ಶುರುಮಾಡಿದರು (ಚಮರೀಮೃಗಕ್ಕೆ ಕಾಡೆಮ್ಮೆ ಜೋಡಿ!), ರಿಚರ್ಡ್ ಸ್ಟಾಲ್ಮನ್ ಅದನ್ನ ಯಾಕ್‌ಗೆ ಹೊಂದಿಸಿದರು. ಬರ್ಕ್‌ಲಿ ಯಾಕ್, ಅಂದ್ರೆ ಬಿಯಾಕ್, ಬರೆದವರೂ ಇದೇ ಕಾರ್ಬೆಟ್.

ಸ್ಟಾಲ್ಮನ್ 1986ರಲ್ಲಿ ತಂದ ಜಿಡಿಬಿ, ನಾವು ಟೈಪ್ ಮಾಡಿದ ಎಕ್ಸ್‌ಪ್ರೆಶನ್ ಓದೋಕೆ ಇಂಥ ಪಾರ್ಸರನ್ನೇ ನಂಬಿದೆ. ತಪ್ಪು ಕಂಡಾಗ ಪಾರ್ಸರ್ ‘ವೈವೈಎರರ್’ ಫಂಕ್ಷನ್ನಿಗೆ ಒಂದು ಮಾತು ಕೊಡತ್ತೆ. ಜಿಡಿಬಿ ಅದನ್ನ ತನ್ನ ವಾಕ್ಯದ ಮಧ್ಯೆ ಹಾಗೇ ತುಂಬಿಬಿಡ್ತಿತ್ತು. ಚೌಕಟ್ಟು ಜಿಡಿಬಿಯದು, ಒಳಗಿನ ಮಾತು ಜನರೇಟರಿನದು.

ತೊಂದರೆ ಟೆಸ್ಟುಗಳಿಗೆ. ಜಿಡಿಬಿ ಟೆಸ್ಟ್‌ಸೂಟ್ ನಡೆಯೋದು ಡೆಜಾಗ್ನೂ ಮೇಲೆ: ಕಮಾಂಡ್ ಕಳಿಸು, ಬಂದ ಉತ್ತರವನ್ನ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ ತಾಳೆ ನೋಡು. ‘ಪಾರ್ಸ್ ಎರರ್’ ಅಂತ ಬರೆದಿಟ್ಟ ಟೆಸ್ಟು ಬಿಯಾಕ್‌ನಿಂದ ಕಟ್ಟಿದ ಜಿಡಿಬಿಯಲ್ಲಿ ಫೇಲು. ಡಿಬಗ್ಗರ್ ತಪ್ಪನ್ನ ಸರಿಯಾಗೇ ಹಿಡಿದಿರತ್ತೆ, ಪಾಪ. 2003ರಲ್ಲಿ ಬೈಸನ್ 1.875 ಬಂತು; ಪೋಸಿಕ್ಸ್ ಕೇಳೋದು ‘ಸಿಂಟ್ಯಾಕ್ಸ್ ಎರರ್’, ಇನ್ನು ಎಲ್ಲೆಡೆ ಅದೇ ಅಂತ ತೀರ್ಮಾನಿಸಿತು. ಅಲ್ಲಿಂದ ಬೈಸನ್ನಿನ ವರ್ಷನ್ ಬೇರೆಯಾದರೂ ಟೆಸ್ಟು ಕೆಂಪಾಗುವ ಹಾಗಾಯ್ತು.

ಪರಿಹಾರ ಸಣ್ಣದು: ಟೆಸ್ಟಿನಲ್ಲಿ ‘ಪಾರ್ಸ್ ಅಥವಾ ಸಿಂಟ್ಯಾಕ್ಸ್’ ಅಂತ ಎರಡನ್ನೂ ಒಪ್ಪೋದು, ಇಲ್ಲವೇ ಆ ಜಾಗದಲ್ಲಿ ಏನೇ ಬಂದರೂ ಸರಿ ಅನ್ನೋದು. ನನಗೆ ಎರಡನೆಯದೇ ಇಷ್ಟ, ಆದರೆ ಆ ಒಂದು ಜಾಗಕ್ಕೆ ಮಾತ್ರ. ‘ನಿಯರ್’ ಆದಮೇಲೆ ಬರುವ ಪಠ್ಯ ಜಿಡಿಬಿಯದೇ. ಅದನ್ನೂ ಸಡಿಲ ಬಿಟ್ಟರೆ ಟೆಸ್ಟು ಯಾವ ಎರರ್ ಬಂದರೂ ಪಾಸ್ ಅಂದುಬಿಡತ್ತೆ.

ತಮಾಷೆ ಅಂದ್ರೆ, ಇನ್ನೊಂದು ಕಡೆ ಜಿಡಿಬಿ ಇಷ್ಟು ಮೆತ್ತಗಿರಲಿಲ್ಲ. ಸಿ, ಫೋರ್ಟ್ರಾನ್, ಮಾಡ್ಯುಲಾ-2 ಪಾರ್ಸರುಗಳು ಒಂದೇ ಪ್ರೋಗ್ರಾಮಿನೊಳಗೆ ಇದ್ದಾಗ ಹೆಸರುಗಳು ಡಿಕ್ಕಿ ಹೊಡೀತವೆ, ಹಾಗಾಗಿ ಯಾಕ್ ಕೊಡುವ ಹೆಸರುಗಳನ್ನೆಲ್ಲ ಬದಲಿಸ್ತಿದ್ರು. ಬೈಸನ್, ಬಿಯಾಕ್ ಇನ್ನೂ ಹೊಸ ಗ್ಲೋಬಲ್ ಹೆಸರು ಸೇರಿಸಿದ್ರೆ? ಈ ಪಟ್ಟಿ ಬೆಳೆಸಬೇಡಿ, ಆ ಜನರೇಟರುಗಳನ್ನೇ ರಿಪೇರಿ ಮಾಡಿ ಅಂತ ವ್ಯಾಕರಣದ ಫೈಲಿನ ಕಾಮೆಂಟಿನಲ್ಲೇ ಬರೆದಿಟ್ಟಿದ್ದರು.