ಬೇರಿನ ಔಷಧಿಗಿಂತ ಮೊದಲು ಬೇರಿನ ನೆಲ: ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಬೇರು ಪ್ರಚೋದಕಗಳ ವಿವೇಕದ ಬಳಕೆ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಗೊಬ್ಬರದ ಅಂಗಡಿಗಳಲ್ಲಿ ‘ಬೇರಿನ ಔಷಧಿ’ ಎಂದು ಮಾರಾಟವಾಗುವುದು ಒಂದೇ ಬಗೆಯ ವಸ್ತುವಲ್ಲ. ಹ್ಯೂಮಿಕ್ ಆಮ್ಲ, ಕಡಲಕಳೆಯ ಸಾರ, ಅಮೈನೋ ಆಮ್ಲ, ಮೈಕೊರೈಝಾ ಶಿಲೀಂಧ್ರ, ಆಕ್ಸಿನ್ ಗುಂಪಿನ ಹಾರ್ಮೋನು, ಇವೆಲ್ಲವೂ ಆ ಹೆಸರಿನಡಿ ಬರುತ್ತವೆ. ಭತ್ತದ ನಾಟಿ ಹಿಡಿಯಲಿಲ್ಲ, ಹತ್ತಿ ಬಾಡಿತು, ಮೆಣಸಿನ ಸಸಿ ಮೇಲೇಳಲಿಲ್ಲ ಎಂದರೆ ಎಲ್ಲಕ್ಕೂ ಅದೇ ಪರಿಹಾರ. ಇವುಗಳಲ್ಲಿ ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ. ಆದರೆ ಬೇರನ್ನು ತಡೆದು ನಿಲ್ಲಿಸಿರುವ ಬೇರೆ ಅಡ್ಡಿಗಳು ಹೋದ ಮೇಲೆ ಮಾತ್ರ ಆ ಕೆಲಸ ಕಾಣುತ್ತದೆ. ಈ ಮೂರು ತಾಲ್ಲೂಕುಗಳ ನೀರಾವರಿ ಎರೆ ಹೊಲಗಳಲ್ಲಿ ಬೇರಿಗೆ ಕೊರತೆಯಾಗಿರುವುದು ಬಹುಪಾಲು ಪ್ರಚೋದನೆಯಲ್ಲ, ಗಾಳಿ. ಅದರ ಬೆನ್ನಿಗೆ ಸವುಳು, ಸತು ಮತ್ತು ರಂಜಕದ ಅಲಭ್ಯತೆ ಬರುತ್ತವೆ. ಈ ಲೇಖನದ ವಾದ ಇಷ್ಟೇ.

ಹಾರ್ಮೋನಿನ ವಿಷಯದಲ್ಲಿ ಪ್ರಮಾಣವೇ ಎಲ್ಲ. ಸಸ್ಯದ ತುದಿಯಿಂದ ಯಾವುದೋ ಪ್ರಭಾವ ಕೆಳಗಿಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1880ರಲ್ಲೇ ಸೂಚಿಸಿದ್ದ. 1920ರ ದಶಕದ ಕೊನೆಯಲ್ಲಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ಮೇಲೆ ಪ್ರಯೋಗ ನಡೆಸಿ ಅದು ರಾಸಾಯನಿಕ ವಸ್ತುವೆಂದು ತೋರಿಸಿದ. ಅದೇ ಆಕ್ಸಿನ್. ಆಕ್ಸಿನ್ ಗುಂಪಿನ ಇಂಡೋಲ್ ಬ್ಯುಟೈರಿಕ್ ಆಮ್ಲ ಮತ್ತು ನ್ಯಾಫ್ತಲೀನ್ ಅಸಿಟಿಕ್ ಆಮ್ಲಗಳು ಕಡ್ಡಿಗಳಲ್ಲಿ ಬೇರು ಹುಟ್ಟಿಸುತ್ತವೆ ಎಂಬುದನ್ನು ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ 1935ರಲ್ಲಿ ಸಾಬೀತು ಮಾಡಿದರು. ದಾಳಿಂಬೆಯ ಕಡ್ಡಿ ಅಥವಾ ಗೂಟಿ, ದ್ರಾಕ್ಷಿಯ ಬೇರುಸಸಿ ಮುಂತಾದ ಕಡೆ ಈ ಹಾರ್ಮೋನುಗಳ ಉಪಯೋಗ ಇಂದಿಗೂ ಪ್ರಶ್ನಾತೀತ. ಅಲ್ಲಿ ಬೇರೇ ಇರುವುದಿಲ್ಲ, ಹೊಸದಾಗಿ ಹುಟ್ಟಿಸಬೇಕು. ಅದಕ್ಕೆಂದೇ ಲೀಟರಿಗೆ 1000ದಿಂದ 3000 ಮಿಲಿಗ್ರಾಂ ತೀಕ್ಷ್ಣತೆಯ ದ್ರಾವಣದಲ್ಲಿ ಕಡ್ಡಿಯ ಬುಡವನ್ನು ಕೆಲವೇ ಸೆಕೆಂಡು ಅದ್ದಿ ತೆಗೆಯುತ್ತಾರೆ. ಬೀಜದಿಂದ ಬೆಳೆಯುವ ತೊಗರಿ, ಹತ್ತಿ, ಭತ್ತಗಳ ಲೆಕ್ಕ ಬೇರೆ. ಈಗಾಗಲೇ ಇರುವ ಬೇರು ಉದ್ದಕ್ಕೆ ಬೆಳೆಯಲು ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಆಕ್ಸಿನ್ ಸಾಕು. ಅದು ಒಂದು ಮಿಲಿಗ್ರಾಂ ಮುಟ್ಟುವಷ್ಟರಲ್ಲಿ ಸಾಮಾನ್ಯವಾಗಿ ಬೇರಿನ ಉದ್ದ ಬೆಳವಣಿಗೆ ಕುಂಠಿತವಾಗುತ್ತದೆ. ಕಡ್ಡಿಗೆ ಹಿತವಾದ ತೀಕ್ಷ್ಣತೆಗೂ ಬೆಳೆಯುತ್ತಿರುವ ಬೇರು ತಾಳಬಲ್ಲ ತೀಕ್ಷ್ಣತೆಗೂ ಸಾವಿರಾರು ಪಟ್ಟು ಅಂತರವಿದೆ. ಭತ್ತದ ಗದ್ದೆಯಲ್ಲಿ ಕಳೆಗೆ ಸಿಂಪಡಿಸುವ 2,4-ಡಿ ಕೂಡ ಆಕ್ಸಿನ್ ಗುಂಪಿನದೇ. ಗಾಳಿಯಲ್ಲಿ ತೇಲಿ ಪಕ್ಕದ ಹತ್ತಿ ಹೊಲಕ್ಕೆ ಬಿದ್ದರೆ ಎಲೆಗಳು ಸೀಳಿಕೊಂಡು ಕಿರಿದಾಗುವುದನ್ನು ಭತ್ತ, ಹತ್ತಿ ಎರಡನ್ನೂ ಬೆಳೆಯುವ ಈ ಸೀಮೆಗೆ ಬಿಡಿಸಿ ಹೇಳಬೇಕಿಲ್ಲ. ಹೀಗಿರುವಾಗ ಡಬ್ಬಿಯ ಮೇಲೆ ಘಟಕದ ಹೆಸರೂ ಶೇಕಡಾ ಪ್ರಮಾಣವೂ ಇಲ್ಲದ ‘ಬೇರಿನ ಔಷಧಿ’ಯನ್ನು ಅಂದಾಜಿನ ಮೇಲೆ ಪಂಪಿಗೆ ಸುರಿಯುವುದು ಅಪಾಯದ ಕೆಲಸ.

ಇನ್ನು ನೆಲದ ಮಾತು. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆ ಮತ್ತು ಶಾಖಾ ಕಾಲುವೆಗಳು ಸುರಪುರ, ಶಹಾಪುರ ಸೀಮೆಯ ಎರೆ ನೆಲಕ್ಕೆ ನೀರು ತಂದವು. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಮಿತ ನೀರಿನ ಬೆಳೆಗಳಿಗಾಗಿ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಭತ್ತದ ಬೇರಿನೊಳಗೆ ಗಾಳಿ ಸಾಗಿಸುವ ಅಂಗಾಂಶವಿದೆ, ನಿಂತ ನೀರನ್ನು ಅದು ತಾಳುತ್ತದೆ. ಕೆಳಗಿನ ಹೊಲದ ತೊಗರಿ, ಹತ್ತಿ, ಮೆಣಸಿನಕಾಯಿಗೆ ಆ ಸೌಕರ್ಯವಿಲ್ಲ, ಮೇಲಿನ ಗದ್ದೆಯಿಂದ ಜಿನುಗುವ ನೀರು ಮಾತ್ರ ಅವಕ್ಕೂ ತಪ್ಪುವುದಿಲ್ಲ. ಎರೆ ಮಣ್ಣು ನೆನೆದಾಗ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಜವುಳಾದ ಮಣ್ಣಿನಲ್ಲಿ ಉಳಿದಿದ್ದ ಆಮ್ಲಜನಕವನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಒಂದೆರಡು ದಿನಗಳಲ್ಲೇ ಮುಗಿಸುತ್ತವೆ. ಉಸಿರಾಟ ನಿಂತ ಬೇರು ನೀರನ್ನೂ ಹೀರುವುದಿಲ್ಲ. ಹತ್ತಿಯ ದಿಢೀರ್ ಬಾಡುವಿಕೆ ಇದರ ಸ್ಪಷ್ಟ ನಿದರ್ಶನ. ಕಾಯಿ ಕಟ್ಟುವ ಕಾಲದಲ್ಲಿ ಬಿಸಿಲು ಕಾದು, ನಂತರ ಜೋರು ಮಳೆ ಬಿದ್ದೋ ನೀರು ಹಾಯಿಸಿಯೋ ಹೊಲ ತುಂಬಿದರೆ, ರೋಗಾಣುವಿನ ಸುಳಿವಿಲ್ಲದೆ ಗಿಡ ಜೋತು ಬೀಳುತ್ತದೆ. ಕೃಷಿ ವಿಜ್ಞಾನಿಗಳು ಇದಕ್ಕೆ ಹೇಳುವ ಮೊದಲ ಕ್ರಮ ನೀರು ಬಸಿಯುವುದು, ಎರಡನೆಯದು ತಡಮಾಡದೆ ಲೀಟರಿಗೆ 10 ಮಿಲಿಗ್ರಾಂ ಕೋಬಾಲ್ಟ್ ಕ್ಲೋರೈಡ್ ಸಿಂಪಡಣೆ. ಕೋಬಾಲ್ಟ್ ಮಾಡುವುದು, ಸಂಕಟಕ್ಕೆ ಸಿಕ್ಕ ಗಿಡದಲ್ಲಿ ಹೆಚ್ಚುವ ಎಥಿಲೀನ್ ಹಾರ್ಮೋನಿನ ಉತ್ಪತ್ತಿಯನ್ನು ತಡೆಯುವ ಕೆಲಸ. ಹೆಚ್ಚಿನ ಪ್ರಮಾಣದ ಆಕ್ಸಿನ್ ಮಾಡುವುದು ಅದಕ್ಕೆ ತದ್ವಿರುದ್ಧ, ಗಿಡದಲ್ಲಿ ಎಥಿಲೀನನ್ನು ಏರಿಸುತ್ತದೆ. ಹಾಗಾಗಿ ನೀರು ನಿಂತು ಬಾಡಿದ ಹತ್ತಿಗೆ ಆಕ್ಸಿನ್ ಬೆರೆತ ಬೇರಿನ ಔಷಧಿ ಹಾಕಿದರೆ ಸಂಕಟ ಹೆಚ್ಚುವ ಸಾಧ್ಯತೆಯೇ ಜಾಸ್ತಿ.

ಔಷಧಿಗಿಂತ ನೆಲ ಮೊದಲು ಎಂಬುದನ್ನು ಭತ್ತದ ರೈತರು ಒಪ್ಪಲಿಕ್ಕಿಲ್ಲ. ಹ್ಯೂಮಿಕ್ ಹಾಕಿದ ವಾರದೊಳಗೆ ಸಸಿ ಕಿತ್ತು ನೋಡಿದರೆ ಬಿಳಿ ಬೇರು ಒಡೆದಿರುತ್ತದೆ, ಕಣ್ಣಿಗೆ ಕಂಡದ್ದು ಸುಳ್ಳೇ ಎಂದು ಕೇಳುತ್ತಾರೆ. ಬೇರು ಸುಳ್ಳಲ್ಲ. ಆದರೆ ನಾಟಿಯಾದ ಭತ್ತ ಸರಿಸುಮಾರು ಅದೇ ಅವಧಿಯಲ್ಲಿ ಬುಡದ ಗೆಣ್ಣಿನಿಂದ ಹೊಸ ಬೇರನ್ನು ತಾನಾಗಿಯೇ ಬಿಡುತ್ತದೆ. ಔಷಧಿ ಹಾಕದ ನಾಲ್ಕು ಸಾಲು ಪಕ್ಕದಲ್ಲಿ ಇಲ್ಲದಿದ್ದರೆ ಯಾವುದು ಯಾವುದರ ಫಲವೆಂದು ತಿಳಿಯುವುದು ಹೇಗೆ? ಹ್ಯೂಮಿಕ್ ಹೆಚ್ಚಾಗಿ ಹೊಲಕ್ಕೆ ಹೋಗುವುದು ಯೂರಿಯಾದ ಜೊತೆ ಕಲಸಿ ಎಂಬುದನ್ನೂ ಮರೆಯಬಾರದು, ಕಂಡ ಫಲ ಯೂರಿಯಾದ್ದೂ ಆಗಿರಬಹುದು. ಇನ್ನು ಸತುವಿನ ಮಾತು. ಕ್ಷಾರ ಗುಣದ, ಸುಣ್ಣಕಲ್ಲು ಬೆರೆತ ಎರೆ ನೆಲದಲ್ಲಿ ಸತು ಕರಗಿದ ರೂಪದಲ್ಲಿ ಸಿಗುವುದು ಕಡಿಮೆ, ನೀರು ನಿಂತ ಗದ್ದೆಯಲ್ಲಿ ಇನ್ನೂ ಕಡಿಮೆ. ನಾಟಿಯಾಗಿ ಎರಡು ಮೂರು ವಾರಕ್ಕೆ ಎಲೆಯ ಮೇಲೆ ಕಂದು ತುಕ್ಕಿನ ಚುಕ್ಕೆ ಬಂದು ಪೈರು ಕುಳ್ಳಾದರೆ ಅದು ಸತುವಿನ ಕೊರತೆಯ ಲಕ್ಷಣ. ಹೆಕ್ಟೇರಿಗೆ 25 ಕಿಲೋ ಸತುವಿನ ಸಲ್ಫೇಟ್ ಕೊಟ್ಟರೆ ಬೇರೂ ತೆಂಡೆಯೂ ಒಟ್ಟಿಗೆ ಚೇತರಿಸುತ್ತವೆ. ಕೂರಿಗೆ ಬಿತ್ತನೆಯ ಭತ್ತದಲ್ಲಿ ಸಸಿ ಕೀಳುವಾಗ ಬೇರು ಹರಿಯುವ ಪ್ರಶ್ನೆಯೇ ಇಲ್ಲ. ಬೇರಿನ ಹಿತಕ್ಕಾಗಿ ಹಣ ಮೀಸಲಿಡುವ ರೈತ ಬಿತ್ತನೆಯ ಕ್ರಮದತ್ತ ಮೊದಲು ನೋಡಲಿ ಎನ್ನಲು ಇದೇ ಕಾರಣ.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಅಂಗಡಿಯಿಂದಲ್ಲ, ಸಂಶೋಧನಾ ಸಾಹಿತ್ಯದಿಂದಲೇ ಬರುತ್ತದೆ. ಹ್ಯೂಮಿಕ್ ವಸ್ತುಗಳ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ರೋಸ್ ಮತ್ತು ಸಂಗಡಿಗರು 2014ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಬೇರಿನ ಒಣತೂಕ ಸರಾಸರಿ ಶೇ. 21ರಷ್ಟು ಹೆಚ್ಚಿತ್ತು. ಹ್ಯೂಮಿಕ್, ಕಡಲಕಳೆ ಸಾರದಂಥ ಜೈವಿಕ ಪ್ರಚೋದಕಗಳ ಹೊಲದ ಪ್ರಯೋಗಗಳನ್ನು ಪರಿಶೀಲಿಸಿ ಲೀ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಸರಾಸರಿ ಶೇ. 17.9ರಷ್ಟು ಇಳುವರಿ ಏರಿಕೆಯನ್ನು ದಾಖಲಿಸಿತು. ಒಣ ಹವೆ, ಸಾವಯವ ಅಂಶ ಕಡಿಮೆಯಿರುವ ಮಣ್ಣು, ಸವುಳು ಮಣ್ಣು, ಮರಳು ಮಣ್ಣುಗಳಲ್ಲಿ ಪರಿಣಾಮ ಇನ್ನೂ ಹೆಚ್ಚು ಎಂದೂ ಅದು ಹೇಳಿತು. ಈಶಾನ್ಯ ಒಣ ವಲಯಕ್ಕೆ ಸೇರಿದ ಯಾದಗಿರಿಯ ವರ್ಣನೆಯೇ ಇದಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಈ ಸಾಕ್ಷ್ಯವನ್ನು ನಾನು ತಳ್ಳಿಹಾಕುವುದಿಲ್ಲ, ಅದು ಯಾವ ಹೊಲಕ್ಕೆ ಹೊಂದುತ್ತದೆ ಎಂದು ಗುರುತಿಸಬೇಕೆನ್ನುತ್ತೇನೆ. ತೇವ ಬೇಗ ಆರುವ ಮಸಾರಿ ನೆಲದ ಶೇಂಗಾ, ಹನಿ ನೀರಾವರಿಯ ಮೆಣಸಿನಕಾಯಿ, ಕೋಕೋಪೀಟ್ ತುಂಬಿದ ಟ್ರೇಯಿಂದ ಕಿತ್ತು ಹೊಲಕ್ಕೆ ಹೋಗುವ ಸಸಿ, ಇಂಥಲ್ಲಿ ಗಾಳಿಯ ಕೊರತೆಯಿಲ್ಲ, ತಾತ್ಕಾಲಿಕ ಆಘಾತವಿದೆ. ಘಟಕ ತಿಳಿದ ಹ್ಯೂಮಿಕ್ ಅಥವಾ ಕಡಲಕಳೆ ಸಾರವನ್ನು ಅಲ್ಲಿ ಬಳಸುವುದಕ್ಕೆ ಆಧಾರವಿದೆ. ಜವುಳು ಹಿಡಿದ ಎರೆ ಹೊಲಕ್ಕೆ ಅದೇ ಸರಾಸರಿಯನ್ನು ಹೊಂದಿಸಲು ಆಧಾರವಿಲ್ಲ. ಪ್ರಕಟವಾಗುವುದು ಹೆಚ್ಚಾಗಿ ಗೆದ್ದ ಪ್ರಯೋಗಗಳೇ ಎಂಬುದೂ ಯಾವ ಸರಾಸರಿಯನ್ನು ಓದುವಾಗಲೂ ನೆನಪಿರಬೇಕು.

ಬಸಿಗಾಲುವೆ ಒಬ್ಬ ರೈತನ ಕೈಯಲ್ಲಿಲ್ಲ, ಡಬ್ಬಿ ಕೊಳ್ಳುವುದು ಅವನ ಕೈಯಲ್ಲಿದೆ ಎಂಬ ಇನ್ನೊಂದು ಆಕ್ಷೇಪದಲ್ಲಿ ನೋವಿದೆ, ನಿಜವೂ ಇದೆ. ಆದರೂ ತನ್ನ ಹೊಲದೊಳಗೆ ಏರುಮಡಿ ಮಾಡಿ ಬಿತ್ತುವುದು, ಇಳಿಜಾರಿನ ಕೊನೆಗೆ ನೀರು ಹೊರಹೋಗುವ ಹರಿ ತೆಗೆಯುವುದು, ಎಳೆಯ ಬೆಳೆಗೆ ಪದೇ ಪದೇ ನೀರು ಹಾಯಿಸಿ ಬೇರನ್ನು ಮೇಲ್ಪದರದಲ್ಲೇ ನಿಲ್ಲಿಸದಿರುವುದು ಅವನ ಕೈಯಲ್ಲೇ ಇದೆ. ತೊಗರಿ ಬೀಜಕ್ಕೆ ರೈಜೋಬಿಯಂ, ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಉಪಚಾರಕ್ಕೆ ತಗಲುವ ಖರ್ಚು ಅತ್ಯಲ್ಪ. ಭತ್ತ, ಸಜ್ಜೆಗೆ ಬಳಸುವ ಅಜೋಸ್ಪಿರಿಲಂ ಸ್ವತಃ ಆಕ್ಸಿನ್ ತಯಾರಿಸಿ, ಬೇರುರೋಮ ಹೆಚ್ಚಿಸಬಲ್ಲ ಜೀವಾಣು. ಬೇರಿಗೆ ಬೇಕಾದ ಸಣ್ಣ ಪ್ರಮಾಣವನ್ನು ಬೇರಿನ ಬುಡದಲ್ಲೇ ಒದಗಿಸುವುದರಿಂದ ಇದನ್ನೇ ನಾನು ಮೊದಲ ಪ್ರಚೋದಕವೆಂದು ಎಣಿಸುತ್ತೇನೆ. ಬೆಳವಣಿಗೆ ನಿಯಂತ್ರಕವನ್ನು ಶಿಸ್ತಿನಿಂದ ಬಳಸುವುದಕ್ಕೂ ಮಾದರಿ ಹತ್ತಿರದಲ್ಲೇ ಇದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ತೊಗರಿಯ ಹೂ ಉದುರುವಿಕೆಗೆ ರೂಪಿಸಿದ ‘ಪಲ್ಸ್ ಮ್ಯಾಜಿಕ್’ ಪೋಷಕಾಂಶಗಳ ಜೊತೆ ಅತ್ಯಲ್ಪ ಪ್ರಮಾಣದ ನಿಯಂತ್ರಕವನ್ನು ಒಳಗೊಂಡಿದೆ. ಲೀಟರಿಗೆ 10 ಗ್ರಾಂ, ಹೂವಿನ ಹಂತದಲ್ಲಿ ಒಮ್ಮೆ, 15 ದಿನ ಬಿಟ್ಟು ಮತ್ತೊಮ್ಮೆ ಎಂದು ಬೆಳೆ, ಹಂತ, ಪ್ರಮಾಣ ಮೂರೂ ಗೊತ್ತಾಗಿವೆ. ಬೇರಿನ ಔಷಧಿಗಳಿಂದಲೂ ನಾವು ಕೇಳಬೇಕಾದದ್ದು ಈ ಮೂರನ್ನೇ.

ಕಾನೂನು ಈಗ ಆ ದಿಕ್ಕಿಗೆ ತಿರುಗಿದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2021ರ ಫೆಬ್ರುವರಿಯಲ್ಲಿ ತಂದ ತಿದ್ದುಪಡಿ ಜೈವಿಕ ಪ್ರಚೋದಕಗಳನ್ನು ನಿಯಂತ್ರಣಕ್ಕೆ ಒಳಪಡಿಸಿತು. ಹಿಂದೆ ಸುಮಾರು 30,000 ಉತ್ಪನ್ನಗಳು ತಪಾಸಣೆಯಿಲ್ಲದೆ ಮಾರಾಟವಾಗುತ್ತಿದ್ದವು, ಬಿಗಿ ಕ್ರಮದ ಬಳಿಕ ಅವು ಸುಮಾರು 650ಕ್ಕೆ ಇಳಿದಿವೆ ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ 2025ರಲ್ಲಿ ಹೇಳಿದರು. ಪಟ್ಟಿ ಚಿಕ್ಕದಾದದ್ದು ಒಳ್ಳೆಯದೇ, ಆದರೆ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಒಂದು ವಸ್ತು ಶಹಾಪುರದ ಎರೆಗೆ ಹೊಂದುತ್ತದೆ ಎಂದಾಗುವುದಿಲ್ಲ. ಆ ನಿರ್ಣಯ ಸ್ಥಳೀಯ ಪರೀಕ್ಷೆಯಿಂದಲೇ ಬರಬೇಕು. ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ ಮತ್ತು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳು ಎರೆ, ಮಸಾರಿ, ಸವುಳು ನೆಲಗಳಲ್ಲಿ ಪ್ರತ್ಯೇಕವಾಗಿ, ಬರೀ ನೀರು ಸಿಂಪಡಿಸಿದ ಸಾಲುಗಳ ಎದುರಿಗೆ ಈ ಉತ್ಪನ್ನಗಳನ್ನು ತೂಗಿ ನೋಡಲಿ. ಫಲ ಕೊಡದವುಗಳ ಹೆಸರನ್ನೂ ಕನ್ನಡದಲ್ಲಿ ಪ್ರಕಟಿಸಲಿ. ಅಲ್ಲಿಯವರೆಗೆ ಪ್ರತಿ ರೈತನೂ ತನ್ನ ಹೊಲದ ಮೂರು ಕಡೆ ಎಂಟ್ಹತ್ತು ಸಾಲುಗಳನ್ನು ಔಷಧಿ ಹಾಕದೆ ಬಿಟ್ಟು, ರಾಶಿ ಮಾಡುವಾಗ ಅವುಗಳ ಫಸಲನ್ನು ಬೇರೆಯಾಗಿ ತೂಗಿ, ಮುಂದಿನ ವರ್ಷದ ಖರೀದಿಯನ್ನು ಆ ತೂಕದ ಮೇಲೆ ನಿರ್ಧರಿಸಲಿ.